ಹಾಡು ಬಂದಾಗ ಬಾಣಲೆ ಇಳಿಸಿ

ಓದುಗರ ಪ್ರಶ್ನೆ, ಟೀಚರ್ ಉತ್ತರ

ಟಿವಿಯಲ್ಲಿ ಹಾಡಿನ ಸ್ಪರ್ಧೆಯ ಫಿನಾಲೆ ಹತ್ತಿರ ಬಂತು ಅಂದ್ರೆ ನನಗೆ ಬರುವ ಪತ್ರಗಳ ಧಾಟಿಯೇ ಬದಲಾಗುತ್ತೆ. ಉಳಿದ ದಿನ ಮಗಳಿಗೆ ಯಾವ ವಯಸ್ಸಿಗೆ ಸಂಗೀತಕ್ಕೆ ಹಾಕೋದು, ಹಾರ್ಮೋನಿಯಂ ಕೊಳ್ಳೋದೋ ಕೀಬೋರ್ಡ್ ಕೊಳ್ಳೋದೋ ಅಂತ ಕೇಳುವವರು, ಈಗ ಮನೆಗೆ ಇಪ್ಪತ್ತು ಜನ ಬರ್ತಾರೆ, ಏನ್ ಮಾಡ್ಲಿ ಅಂತ ಕೇಳ್ತಾರೆ. ಶಾಲೆಯಲ್ಲಿ ಸಂಗೀತ ಕಲಿಸಿ ನಿವೃತ್ತಳಾದವಳಿಗೆ ಅಡುಗೆ, ಯುಪಿಎಸ್ಸು, ನೆಂಟರ ಜಗಳ ಎಲ್ಲದಕ್ಕೂ ಉತ್ತರ ಗೊತ್ತಿರುತ್ತೆ ಅಂತ ನಂಬಿದ್ದೀರಿ. ಗೊತ್ತಿದೆ ಬಿಡಿ. ಈ ಸಂಚಿಕೆ ಪೂರ್ತಿ ಅದಕ್ಕೇ. ಹಾರ್ಮೋನಿಯಂನವರು ಮುಂದಿನ ಸಲದವರೆಗೆ ತಡೀರಿ.

ಪ್ರಶ್ನೆ: ಟೀಚರ್, ನಮ್ಮ ಮನೆ ದಾವಣಗೆರೆಯ ನಿಟ್ಟುವಳ್ಳಿಯಲ್ಲಿದೆ. ಸರಿಗಮಪ ಫಿನಾಲೆಗೆ ಅಕ್ಕಪಕ್ಕದವರು, ನಾದಿನಿ ಮನೆಯವರು, ಮಕ್ಕಳ ಫ್ರೆಂಡ್ಸ್ ಎಲ್ಲ ಸೇರಿ ಇಪ್ಪತ್ತು ಜನ ಆಗ್ತೇವೆ. ಸುಮ್ನೆ ಟಿವಿ ನೋಡೋದಲ್ಲ, ಏನಾದ್ರೂ ಥೀಮ್ ಇರಬೇಕು ಅಂತ ಮಗಳ ಹಠ. ಅಂಗಡಿಯಲ್ಲಿ ವಿಚಾರಿಸಿದೆ. ಬಲೂನು, ಬ್ಯಾನರು, ಮೈಕಿನ ಆಕಾರದ ಕೇಕು ಅಂತ ಅವರು ಹೇಳಿದ ರೇಟು ಕೇಳಿ ವಾಪಸ್ ಬಂದೆ. ಜಾಸ್ತಿ ಖರ್ಚಿಲ್ಲದೆ ಏನು ಮಾಡಬಹುದು?

ಉತ್ತರ: ವಾಪಸ್ ಬಂದಿದ್ದು ಒಳ್ಳೇದಾಯ್ತು. ಬಲೂನು ಬೇಡ. ಮಕ್ಕಳಿರುವ ಮನೆಯಲ್ಲಿ ಅದು ಒಳ್ಳೇ ಹಾಡಿನ ಮಧ್ಯೆಯೇ ಒಡೆಯೋದು. ಕೇಕೂ ಬೇಡ, ಅವತ್ತು ಯಾರ ಹುಟ್ಟುಹಬ್ಬವೂ ಅಲ್ಲ.

ನಮ್ಮೂರಿಗೆ ಒಪ್ಪುವ ಥೀಮ್ ಒಂದಿದೆ ನೋಡಿ, ಕಂಪನಿ ನಾಟಕ. ಇದು ರಂಗನಟಿ ಚಿಂದೋಡಿ ಲೀಲಾ ಅವರ ಊರು, ಕೆ.ಬಿ.ಆರ್. ಡ್ರಾಮಾ ಕಂಪನಿಯ ಊರು. ನಿಮ್ಮ ಅತ್ತೆ ಮಾವ ಇದ್ದರೆ ಕೇಳಿ, ನಾಟಕದ ಟೆಂಟಿನಲ್ಲಿ ಹಾಡು ಕೇಳಿ ಬೆಳೆದ ಕಿವಿ ಅವರದು. ಹಾಡು ಚೆನ್ನಾಗಿ ಬಂದರೆ ಜನ 'ಒನ್ಸ್ ಮೋರ್' ಅಂತ ಕೂಗುತ್ತಿದ್ದರು. ಕಥೆ ನಿಂತರೂ ಪರವಾಗಿಲ್ಲ. ಸತ್ತು ಬಿದ್ದ ಪಾತ್ರ ಎದ್ದು ಕೂತು ಇನ್ನೊಂದು ಸಲ ಹಾಡಿ ಮತ್ತೆ ಸತ್ತ ಕಥೆಗಳನ್ನು ನಮ್ಮ ಹಿರಿಯರು ಇವತ್ತಿಗೂ ಹೇಳಿ ನಗ್ತಾರೆ.

ಹೀಗೆ ಮಾಡಿ. ಮನೆಯಲ್ಲಿ ಹಳೇ ಲಗ್ನಪತ್ರಿಕೆಗಳು ಇದ್ದೇ ಇರ್ತವೆ. ಅವುಗಳ ಖಾಲಿ ಬದಿ ಕತ್ತರಿಸಿ ಟಿಕೆಟ್ ಮಾಡಿ. ಮೂರು ತರಗತಿ: ನೆಲ, ಬೆಂಚು, ಕುರ್ಚಿ. ಒಂದು ಡಬ್ಬಿಗೆ ಹಾಕಿ ಬಾಗಿಲಲ್ಲಿ ಮಗಳನ್ನು ನಿಲ್ಲಿಸಿ. ಬಂದವರು ಕೈ ಹಾಕಿ ಒಂದು ತೆಗೀಬೇಕು, ಅವಳು ಅರ್ಧ ಹರಿದು ಒಳಗೆ ಬಿಡಬೇಕು. ನೆಲ ಬಂದವರು ಟಿವಿ ಮುಂದೆ ಜಮಖಾನದ ಮೇಲೆ, ಬೆಂಚಿನವರು ದಿವಾನದ ಮೇಲೆ, ಕುರ್ಚಿಯವರು ಹಿಂದೆ. ಡಾಕ್ಟರು, ಮೇಷ್ಟ್ರು, ಮನೆಗೆಲಸದ ಅಮ್ಮ, ಯಾರಿಗೆ ಯಾವುದು ಬಂದರೂ ಅದೇ. ಮಂಡಿ ನೋವಿನವರು ಮಾತ್ರ ಬದಲಾಯಿಸಿಕೊಳ್ಳಬಹುದು. ನೆಲದವರಿಗೆ ಬೇಜಾರಾಗದಂತೆ ಮೊದಲ ತಟ್ಟೆ ಮಿರ್ಚಿ ಅವರಿಗೇ ಹೋಗಲಿ. ಆಮೇಲೆ ನೋಡಿ, ಕುರ್ಚಿಯವರೇ ಕೆಳಗಿಳಿದು ಬರ್ತಾರೆ.

ಪ್ರತಿ ಟಿಕೆಟ್ ಜೊತೆ ಒಂದು 'ಒನ್ಸ್ ಮೋರ್' ಚೀಟಿ ಕೊಡಿ. ಒಬ್ಬರಿಗೆ ರಾತ್ರಿಗೆಲ್ಲ ಒಂದೇ. ಹಾಡು ತುಂಬಾ ಹಿಡಿಸಿತು ಅಂದ್ರೆ, ಅದು ಮುಗಿದ ಕೂಡಲೇ, ತೀರ್ಪುಗಾರರು ಬಾಯಿ ತೆರೆಯುವ ಮುಂಚೆ, ಚೀಟಿ ಮೇಲೆ ಹಾಡಿದವರ ಹೆಸರು ಬರೆದು ಡಬ್ಬಿಗೆ ಹಾಕಬೇಕು. ಒಂದೇ ಇರುವುದರಿಂದ ಜನ ಯೋಚನೆ ಮಾಡ್ತಾರೆ, ಯೋಚನೆ ಮಾಡಬೇಕು ಅಂದ್ರೆ ಹಾಡು ಕೇಳಲೇಬೇಕು. ಮಕ್ಕಳು ಮೊದಲನೇ ಹಾಡಿಗೇ ಚೀಟಿ ಖರ್ಚು ಮಾಡಿ ಎರಡನೇದಕ್ಕೆ ಸಾಲ ಕೇಳ್ತಾರೆ. ಕೊಡಬೇಡಿ. ಕೆಲವು ಅಜ್ಜಿಯರು ಇದಕ್ಕಿಂತ ಚೆನ್ನಾಗಿರೋದು ಬರುತ್ತೆ ಅಂತ ಕಾಯ್ದು ಕಾಯ್ದು ಚೀಟಿ ಸೆರಗಿನಲ್ಲಿ ಕಟ್ಟಿಕೊಂಡೇ ಮನೆಗೆ ಹೋಗ್ತಾರೆ. ಫಿನಾಲೆ ಮುಗಿದ ಮೇಲೆ ಡಬ್ಬಿ ಬಿಚ್ಚಿ ಎಣಿಸಿ. ಜಾಸ್ತಿ ಚೀಟಿ ಬಿದ್ದ ಹಾಡನ್ನು ಫೋನಿನಲ್ಲಿ ಹುಡುಕಿ ಇನ್ನೊಂದು ಸಲ ಹಾಕಿ. ಟಿವಿಯವರ ಕಪ್ಪು ಯಾರಿಗಾದ್ರೂ ಹೋಗಲಿ, ನಿಮ್ಮ ಹಾಲಿನ ಒನ್ಸ್ ಮೋರ್ ಬೇರೆಯವರಿಗೇ ಹೋಗಿರುತ್ತೆ. ಅರ್ಧ ಗಂಟೆ ಮಾತಿಗೆ ಅಷ್ಟು ಸಾಕು.

ಗೋಡೆಗೆ ಒಂದು ಪೋಸ್ಟರ್. ಹಳೇ ಕ್ಯಾಲೆಂಡರ್ ಹಿಂದೆ ಕೆಂಪು, ನೀಲಿ ಬಣ್ಣದಲ್ಲಿ ದಪ್ಪ ಅಕ್ಷರ: 'ಇಂದೇ ನೋಡಿ! ಮರೆಯದಿರಿ, ಮರೆತು ನಿರಾಶರಾಗದಿರಿ!' ಮಗಳೇ ಬರೆಯಲಿ. ಅಕ್ಷರ ಸೊಟ್ಟ ಆದಷ್ಟೂ ಚೆಂದ. ಡ್ರೆಸ್ಸಿನ ಥೀಮ್ ಅಂತ ಬಂದವರಿಗೆಲ್ಲ ತಲೆನೋವು ಕೊಡಬೇಡಿ. ಹೆಂಗಸರಿಗೆ ಒಂದು ಮೊಳ ಮಲ್ಲಿಗೆ, ಗಂಡಸರ ಹೆಗಲಿಗೊಂದು ಶಾಲು. ಮುಗೀತು.

ಪ್ರಶ್ನೆ: ಫಿನಾಲೆ ನೋಡೋಕೆ ಬೆಂಗಳೂರಿನಿಂದ ನಮ್ಮಕ್ಕನ ಮನೆಯವರು ಬರ್ತಿದ್ದಾರೆ. ದಾವಣಗೆರೆಗೆ ಬಂದವರಿಗೆ ಬೆಣ್ಣೆ ದೋಸೆ ಹಾಕದಿದ್ರೆ ಹೆಂಗೆ ಅಂತ ನಮ್ಮ ಯಜಮಾನ್ರು. ಹಿಟ್ಟು ಎಷ್ಟು ನೆನೆಹಾಕಲಿ? ಒಟ್ಟು ಇಪ್ಪತ್ತು ಜನ. (ಪಿ.ಜೆ. ಬಡಾವಣೆ)

ಉತ್ತರ: ಹಿಟ್ಟೇ ನೆನೆಹಾಕಬೇಡಿ.

ಲೆಕ್ಕ ಹಾಕೋಣ. ಮನೆ ಕಾವಲಿಯಲ್ಲಿ ಒಂದು ಸಲಕ್ಕೆ ಒಂದೇ ದೋಸೆ. ಬೆಣ್ಣೆ ಹಾಕಿ, ಅಂಚು ಕೆಂಪಗಾಗುವಷ್ಟು ಬಿಟ್ಟು ತೆಗೆಯೋಕೆ ಮೂರು ನಿಮಿಷ ಬೇಕು. ಇಪ್ಪತ್ತು ಜನಕ್ಕೆ ಎರಡೆರಡು ಅಂದ್ರೆ ನಲವತ್ತು ದೋಸೆ, ಎರಡು ಗಂಟೆ. ಮಾಡಿಟ್ಟು ಬಡಿಸೋಣ ಅಂದ್ರೆ ಬೆಣ್ಣೆ ದೋಸೆ ಹತ್ತು ನಿಮಿಷಕ್ಕೆ ಮೆತ್ತಗಾಗುತ್ತೆ, ಆಮೇಲೆ ಅದಕ್ಕೂ ಬೇರೆ ಊರಿನ ದೋಸೆಗೂ ವ್ಯತ್ಯಾಸ ಇಲ್ಲ. ಆ ಎರಡು ಗಂಟೆ ನೀವೆಲ್ಲಿರ್ತೀರಿ? ಒಲೆ ಮುಂದೆ. ಹಾಲ್‌ನಲ್ಲಿ ಚಪ್ಪಾಳೆ ಕೇಳಿದಾಗಲೆಲ್ಲ 'ಯಾರು, ಯಾರು ಹಾಡಿದ್ದು?' ಅಂತ ಸೌಟು ಹಿಡಿದು ಬಾಗಿಲಿಗೆ ಬರ್ತೀರಿ. ಅಷ್ಟರಲ್ಲಿ ಹಾಡು ಮುಗಿದಿರುತ್ತೆ. ಇಂಥ ಪಾರ್ಟಿಗೆ ನನ್ನ ಷರತ್ತು ಒಂದೇ. ಕರೆದವಳೂ ಕೂತು ಹಾಡು ಕೇಳಬೇಕು. ಅದಾಗದ ಅಡುಗೆ ಅವತ್ತಿಗೆ ಬೇಡ. ಯಜಮಾನರಿಗೆ ಅಷ್ಟು ಆಸೆ ಇದ್ದರೆ ಕಾವಲಿ ಅವರಿಗೇ ಕೊಡಿ. ಇಲ್ಲವೇ ಮರುದಿನ ಬೆಳಿಗ್ಗೆ ನೆಂಟರನ್ನು ಹೋಟೆಲಿಗೆ ಕರೆದುಕೊಂಡು ಹೋಗಲಿ. ಆಲೂಗಡ್ಡೆ ಪಲ್ಯ, ತೆಂಗಿನಕಾಯಿ ಚಟ್ನಿ ಜೊತೆ ಕಾವಲಿಯಿಂದ ನೇರ ತಟ್ಟೆಗೆ ಬಿದ್ದದ್ದನ್ನು ತಿನ್ನಲಿ.

ಫಿನಾಲೆ ರಾತ್ರಿಗೆ ಒಗ್ಗರಣೆ ಮಂಡಕ್ಕಿ ಮಾಡಿ. ನಗಬೇಡಿ, ಇದರಲ್ಲಿ ಒಂದು ಗುಟ್ಟಿದೆ. ನೆನೆಸಿ ಹಿಂಡಿದ ಮಂಡಕ್ಕಿ ಮೆತ್ತಗಿರುತ್ತೆ, ಬಾಯಲ್ಲಿ ಸದ್ದಾಗಲ್ಲ. ಇಪ್ಪತ್ತು ಜನ ಒಟ್ಟಿಗೆ ಚಿಪ್ಸ್ ಕಡಿಯೋದನ್ನು ಒಂದು ಸಲ ಕೇಳಿ, ಆಲಾಪನೆ ಎಲ್ಲಿ ಹೋಯ್ತು ಅಂತ ಹುಡುಕಬೇಕಾಗುತ್ತೆ. ಇಪ್ಪತ್ತು ಜನಕ್ಕೆ ಒಂದು ಕೆಜಿ ಮಂಡಕ್ಕಿ ಸಾಕು. ಸಂಜೆಯೇ ಒಗ್ಗರಣೆ ಮಾಡಿಟ್ಟುಕೊಳ್ಳಿ: ಈರುಳ್ಳಿ ಜಾಸ್ತಿ, ಹಸಿಮೆಣಸಿನಕಾಯಿ, ಶೇಂಗಾ, ಕರಿಬೇವು, ಅರಿಶಿನ. ಜನ ಬರುವ ಹೊತ್ತಿಗೆ ಮಂಡಕ್ಕಿಯನ್ನು ನೀರಿಗೆ ಹಾಕಿ, ನೆಂದ ತಕ್ಷಣ ಎರಡೂ ಅಂಗೈಯಲ್ಲಿ ಒತ್ತಿ ತೆಗೀರಿ. ಜಾಸ್ತಿ ಹೊತ್ತು ಬಿಟ್ಟರೆ ಮುದ್ದೆಯಾಗುತ್ತೆ, ಹಿಂಡೋದು ಜಾಸ್ತಿಯಾದ್ರೆ ಪುಡಿಯಾಗುತ್ತೆ. ಒಗ್ಗರಣೆಗೆ ಸೇರಿಸಿ, ಮೇಲೆ ಪುಟಾಣಿ ಪುಡಿ ಉದುರಿಸಿ, ಒಲೆ ಆರಿಸಿ, ನಿಂಬೆ ಹಿಂಡಿ. ತಣ್ಣಗಾದ್ರೂ ರುಚಿ ಕೆಡಲ್ಲ. ದೊಡ್ಡ ಪಾತ್ರೆ, ಪಕ್ಕದಲ್ಲಿ ತಟ್ಟೆ ಇಟ್ಟುಬಿಡಿ, ಬೇಕಾದವರು ಹಾಕಿಕೊಳ್ತಾರೆ. ನೆನೆಸದೆ ಮಾಡುವ ನರ್ಗಿಸ್ ಮಂಡಕ್ಕಿಯ ಗರಿಗರಿ ನನಗೂ ಇಷ್ಟವೇ, ಆದ್ರೆ ಅದು ಬ್ರೇಕಿಗೆ.

ಮಿರ್ಚಿ ಇಲ್ಲದೆ ಆಗಲ್ಲ, ಅದು ಗೊತ್ತು. ಸಂಜೆಯೇ ಅರ್ಧ ಕರಿದು ತೆಗೆದಿಡಿ. ಬಣ್ಣ ಇನ್ನೂ ತಿಳಿ ಹಳದಿ ಇರಬೇಕು. ಬ್ರೇಕ್ ಬಂದಾಗ ಎಣ್ಣೆ ಚೆನ್ನಾಗಿ ಕಾಯಿಸಿ ಎರಡನೇ ಸಲ ಬಿಟ್ಟರೆ ಎರಡು ನಿಮಿಷಕ್ಕೆ ಗರಿಗರಿ, ಬಿಸಿಬಿಸಿ. ಗಂಟೆಗೆ 12 ನಿಮಿಷ ಜಾಹೀರಾತು ಹಾಕೋಕೆ ಚಾನೆಲ್‌ಗಳಿಗೆ ನಿಯಮದಲ್ಲಿ ಅವಕಾಶ ಇದೆ. ನಾವು ಬೈಯುವ ಆ 12 ನಿಮಿಷವೇ ನಿಮ್ಮ ಅಡುಗೆ ಮನೆ ಸಮಯ. ನಿರೂಪಕಿ ವೇದಿಕೆಗೆ ವಾಪಸ್ ಬಂದಳೋ, ಬಾಣಲೆ ಇಳಿಸಿ, ಗ್ಯಾಸ್ ಆಫ್ ಮಾಡಿ, ಹೊರಗೆ ಬನ್ನಿ. ಎರಡು ಮಿರ್ಚಿ ಕಡಿಮೆ ಬಿದ್ದರೆ ಯಾರೂ ಸಾಯಲ್ಲ. ಚಹಾ ಫ್ಲಾಸ್ಕ್‌ನಲ್ಲಿ ಇರಲಿ.

ಪ್ರಶ್ನೆ: ಚಿತ್ರದುರ್ಗದಿಂದ ಬರೀತಿದ್ದೇನೆ. ಹೋದ ಸಲ ನಮ್ಮ ಮನೆಯಲ್ಲಿ ಆ್ಯಪ್‌ನಲ್ಲಿ ನೋಡ್ತಿದ್ವಿ. ಗೆದ್ದವರ ಹೆಸರು ಹೇಳುವ ಮುಂಚೆಯೇ ಪಕ್ಕದ ಮನೆಯವರು 'ಹೋ' ಅಂತ ಕೂಗಿದರು. ಅದಕ್ಕೂ ಮುಂಚೆ ಕರೆಂಟ್ ಹೋಗಿ, ಯುಪಿಎಸ್ ಇದ್ದರೂ ಟಿವಿ ನಿಂತಿತ್ತು. ಮೇಲೆ ನನ್ನ ಅಳಿಯ ತಂದ ಬ್ಲೂಟೂತ್ ಸ್ಪೀಕರ್‌ನಲ್ಲಿ ತುಟಿ ಒಂದು ಕಡೆ, ಹಾಡು ಒಂದು ಕಡೆ. ಈ ಸಲ ಮಾನ ಉಳಿಸಿ.

ಉತ್ತರ: ಸ್ವಾಮಿ, ಮೂರಕ್ಕೂ ಕಾರಣ ಬೇರೆ ಬೇರೆ.

ಇಂಟರ್‌ನೆಟ್‌ನಲ್ಲಿ ಬರುವ ಚಾನೆಲ್ಲು ಡಿಶ್ ಅಥವಾ ಕೇಬಲ್‌ಗಿಂತ ಹಿಂದೆ ಇರುತ್ತೆ. ಚಿತ್ರವನ್ನು ತುಂಡು ತುಂಡು ಮಾಡಿ ಕಳಿಸ್ತಾರೆ, ನಿಮ್ಮ ಟಿವಿ ಕೆಲವು ತುಂಡು ಕೂಡಿಟ್ಟುಕೊಂಡ ಮೇಲೆ ತೋರಿಸುತ್ತೆ. ಅರ್ಧ ನಿಮಿಷ ಹಿಂದೆ ಬೀಳೋದು ಮಾಮೂಲು. ಪಕ್ಕದವರ ಮನೆಯಲ್ಲಿ ಕೇಬಲ್ ಇತ್ತು, ಅಷ್ಟೇ. ಫಿನಾಲೆ ಒಂದು ದಿನ ಡಿಶ್ ಇಲ್ಲವೇ ಕೇಬಲ್‌ನಲ್ಲಿ ನೋಡಿ. ಅದಿಲ್ಲ ಅಂದ್ರೆ ಪಕ್ಕದ ಮನೆಯವರನ್ನೂ ನಿಮ್ಮ ಮನೆಗೇ ಕರೆಯಿರಿ, ಇದು ಇನ್ನೂ ಸುಲಭ. ಇನ್ನೊಂದು ಮಾತು, ಮೊದಲೇ ಚಿತ್ರೀಕರಣ ಆಗಿರುವ ಸುತ್ತುಗಳ ಫಲಿತಾಂಶ ಫೋನಿನಲ್ಲಿ ಓಡಾಡ್ತಾ ಇರುತ್ತೆ. ಬಂದವರ ಫೋನನ್ನು ಬಾಗಿಲ ಹತ್ತಿರ ಒಂದು ಬುಟ್ಟಿಗೆ ಹಾಕಿಸಿ. ಮುನಿಸಿಕೊಳ್ಳುವ ಭಾವಂದಿರಿಗೆ ಮಾತ್ರ ವಿನಾಯಿತಿ.

ಯುಪಿಎಸ್ ಇದ್ದೂ ಟಿವಿ ನಿಂತಿದ್ದಕ್ಕೆ ಬಹುಶಃ ಪ್ಲಗ್ ಕಾರಣ. ಸುಮಾರು ಮನೆಗಳಲ್ಲಿ ಫ್ಯಾನು, ಲೈಟಿಗೆ ಮಾತ್ರ ಯುಪಿಎಸ್ ಲೈನ್ ಎಳೆದಿರ್ತಾರೆ. ಟಿವಿ ಪಾಯಿಂಟ್ ಸೇರಿದ್ದರೂ ವೈಫೈ ಡಬ್ಬಿ ಇನ್ನೊಂದು ಕೋಣೆಯಲ್ಲಿ ಬರೀ ಮೇನ್ ಲೈನ್ ಮೇಲಿರುತ್ತೆ. ಟಿವಿ ಉರಿಯುತ್ತೆ, ಚಿತ್ರ ಬರಲ್ಲ. ಹಿಂದಿನ ದಿನವೇ ಮೇನ್ ಸ್ವಿಚ್ ಇಳಿಸಿ ಪರೀಕ್ಷೆ ಮಾಡಿ. ಯಾವುದೆಲ್ಲ ನಿಲ್ಲುತ್ತೆ ಅಂತ ಆಗಲೇ ಗೊತ್ತಾಗುತ್ತೆ. 55 ಇಂಚಿನ ಟಿವಿ, ಎರಡು ಫ್ಯಾನು, ಎರಡು ಲೈಟು, ಸೆಟ್‌ಟಾಪ್ ಬಾಕ್ಸು ಸೇರಿದರೆ ಮುನ್ನೂರು ವ್ಯಾಟ್ ಆಸುಪಾಸು. 150 ಎಎಚ್ ಬ್ಯಾಟರಿ ಚೆನ್ನಾಗಿದ್ದರೆ ಮೂರು ಗಂಟೆ ಎಳೆಯುತ್ತೆ. ಫ್ರಿಜ್ಜು, ಮಿಕ್ಸಿ ಆ ಲೈನಿಗೆ ಬೇಡ. ಬ್ಯಾಟರಿಯ ಡಿಸ್ಟಿಲ್ಡ್ ವಾಟರ್ ನೋಡಿ ಎಷ್ಟು ದಿನ ಆಯ್ತು?

ಅಳಿಯನ ಸ್ಪೀಕರ್ ವಾಪಸ್ ಕೊಡಿ. ಬ್ಲೂಟೂತ್‌ನಲ್ಲಿ ಸದ್ದು ತಡವಾಗಿ ಬರುತ್ತೆ. ಮಾತಿಗೆ ನಡೆಯುತ್ತೆ, ಹಾಡಿಗೆ ಕೆಲಸಕ್ಕೆ ಬಾರದು. ಅದೇ ಸ್ಪೀಕರಿಗೆ ವೈರ್ ಹಾಕುವ ಜಾಗ ಇದ್ದರೆ ವೈರ್ ಹಾಕಿ. ಟಿವಿಯ ಸೌಂಡ್ ಸೆಟ್ಟಿಂಗ್‌ನಲ್ಲಿ ಮಾತು ಸ್ಪಷ್ಟವಾಗಿ ಕೇಳಿಸೋಕೆ ಅಂತ ಒಂದು ಆಯ್ಕೆ ಇರುತ್ತೆ. ವಾರ್ತೆಗೆ ಒಳ್ಳೇದು. ಹಾಡಿಗೆ ಅದನ್ನು ಆಫ್ ಮಾಡಿ, ತಬಲಾ ಬಾಯಾದ ದಪ್ಪ ಸದ್ದು ಮತ್ತೆ ಕೇಳಿಸುತ್ತೆ.

ಪ್ರಶ್ನೆ: ನಮಗೆ ಸಂಗೀತ ಗೊತ್ತಿಲ್ಲ ಮೇಡಂ. ಅಂಕ ಕೊಡುವ ಆಟ ಇಡೋಣ ಅಂದುಕೊಂಡಿದ್ದೇವೆ. ತೀರ್ಪುಗಾರರು ಹೇಳಿದ್ದನ್ನೇ ನಾವೂ ಹೇಳಿದ ಹಾಗೆ ಆಗುತ್ತೆ. ಏನು ನೋಡಿ ಅಂಕ ಕೊಡೋದು? (ಹರಿಹರ)

ಉತ್ತರ: ತೀರ್ಪುಗಾರರು ಮಾತು ಶುರು ಮಾಡುವ ಮುಂಚೆ ಪೆನ್ನು ಕೆಳಗಿಡಬೇಕು. ಇದೊಂದು ನಿಯಮ ಇಟ್ಟರೆ ಅರ್ಧ ಕೆಲಸ ಆಯ್ತು. ಹಂಸಲೇಖ ಅವರೋ ವಿಜಯ್ ಪ್ರಕಾಶ್ ಅವರೋ ಒಂದು ಮಾತು ಆಡಿದ ಮೇಲೆ ನಮ್ಮ ಹಾಲ್‌ನಲ್ಲಿ ಯಾರಿಗೆ ತಾನೇ ಬೇರೆ ಅಭಿಪ್ರಾಯ ಹೇಳುವ ಧೈರ್ಯ? ಅದಕ್ಕೇ ಮುಂಚೆ ಬರೀರಿ. ಆಮೇಲೆ ಅವರ ಮಾತು ನಿಮ್ಮ ಅಂಕಕ್ಕೆ ತಾಳೆ ಆಗುತ್ತಾ ನೋಡಿ. ಸಂಗೀತ ಕಲಿಯದವರೂ ಹೀಗೇ ನಾಲ್ಕು ಸೀಸನ್‌ನಲ್ಲಿ ಒಳ್ಳೇ ಕೇಳುಗರಾಗ್ತಾರೆ.

ನಾಲ್ಕು ಕಡೆ ಕಿವಿ ಇಡಿ. ಮೊದಲನೇದು, ಸಾಲಿನ ಕೊನೆ. ಶುರುವಿನಲ್ಲಿ ಎಲ್ಲರೂ ಶ್ರುತಿಯಲ್ಲೇ ಇರ್ತಾರೆ. ಉಸಿರು ಮುಗಿಯುತ್ತಾ ಬಂದಾಗ ಕೊನೇ ಸ್ವರ ಸ್ವಲ್ಪ ಕೆಳಗೆ ಜಾರುತ್ತೆ. ಅಲ್ಲಿ ಜಾರದೆ ನಿಲ್ಲಿಸಿದವರಿಗೆ ಧಾರಾಳವಾಗಿ ಕೊಡಿ. ಎರಡನೇದು, ವಾದ್ಯದ ಭಾಗ ಮುಗಿದು ಚರಣ ಹಿಡಿಯುವ ಜಾಗ. ಒಂದು ಕ್ಷಣ ಮುಂಚೆ ಬಂದರೂ, ತಡವಾದರೂ ನಿಮ್ಮ ತೊಡೆ ಮೇಲಿನ ಕೈಗೆ ತಾನಾಗೇ ಗೊತ್ತಾಗುತ್ತೆ. ಮೂರನೇದು ಮಾತು. 'ಳ' ಹೋಗಿ 'ಲ' ಆಯ್ತಾ, 'ಶ' ಹೋಗಿ 'ಸ' ಆಯ್ತಾ, ಪದ ಅರ್ಧಕ್ಕೆ ಮುರಿದು ಉಸಿರು ತಗೊಂಡರಾ. ಎಸ್.ಪಿ. ಬಾಲಸುಬ್ರಹ್ಮಣ್ಯಂ ಈಟಿವಿ ಕನ್ನಡದಲ್ಲಿ 'ಎದೆ ತುಂಬಿ ಹಾಡುವೆನು' ನಡೆಸುತ್ತಿದ್ದಾಗ ಮಕ್ಕಳ ಉಚ್ಚಾರವನ್ನು ಎಷ್ಟು ಪ್ರೀತಿಯಿಂದ ತಿದ್ದುತ್ತಿದ್ದರು, ನೆನಪಿರಬೇಕು. ನಾಲ್ಕನೇದು, ಹಾಡು ಮುಗಿದ ಮೇಲೆ ಅದರ ಒಂದು ಸಾಲು ನಿಮ್ಮ ಬಾಯಲ್ಲಿ ಉಳೀತಾ. ಅದಕ್ಕೆ ಯಾವ ವ್ಯಾಕರಣವೂ ಇಲ್ಲ.

ಒಂದಕ್ಕೆ ಮಾತ್ರ ಅಂಕ ಕೊಡಬೇಡಿ. ಹಾಡಿಗೆ ಮುಂಚೆ ತೋರಿಸುವ ಮನೆ ಕಥೆಗೆ. ಸೋರುವ ಮಾಡು, ಅಳುವ ತಾಯಿ ತೋರಿಸಿದ ಮೇಲೆ ಕೈ ತಾನಾಗೇ ಹತ್ತಕ್ಕೆ ಹತ್ತು ಬರೆಯುತ್ತೆ. ಹಾವೇರಿ ಜಿಲ್ಲೆಯ ಹನುಮಂತ ಕುರಿ ಕಾಯುತ್ತಿದ್ದವರು ಅಂತ ಇಡೀ ನಾಡಿಗೆ ಗೊತ್ತಾಯ್ತು, ಸರಿಗಮಪದಲ್ಲಿ ಎರಡನೇ ಸ್ಥಾನವೂ ಬಂತು. ಆದ್ರೆ ಕಣ್ಣು ಮುಚ್ಚಿಕೊಂಡು ಕೇಳಿದರೂ ಆ ತೆರೆದ ಗಂಟಲು ಗಟ್ಟಿಯಾಗೇ ಇತ್ತು. ಅನುಮಾನ ಬಂದಾಗ ನಾನೂ ಕಣ್ಣು ಮುಚ್ಚಿಕೊಂಡೇ ಅಂಕ ಹಾಕೋದು.

ಪ್ರಶ್ನೆ: ಟೀಚರ್, ನಾವು ದಾವಣಗೆರೆಯಲ್ಲಿ ಇಂಜಿನಿಯರಿಂಗ್ ಓದುವ ಹುಡುಗಿಯರು. ನಮಗೆ ಯೂರೋವಿಷನ್ ಹುಚ್ಚು. ಮೇ ತಿಂಗಳಲ್ಲಿ ಅದರ ಫಿನಾಲೆ ಒಟ್ಟಿಗೆ ನೋಡಬೇಕು ಅಂತಿದ್ದೇವೆ. ನಿಮಗೆ ಇದು ಗೊತ್ತೋ ಇಲ್ವೋ. ದೇಶಗಳ ಥೀಮ್ ಇಡಬೇಕು, ದುಡ್ಡು ಕಡಿಮೆ.

ಉತ್ತರ: ಗೊತ್ತಿಲ್ಲದೆ ಏನಮ್ಮ. ಸಂಗೀತ ಟೀಚರ್ ಅಂದ್ರೆ ಬರೀ ಸರಳೆ ಜಂಟಿವರಸೆ ಅಂದ್ಕೊಂಡ್ರಾ?

ಗೊತ್ತಿಲ್ಲದ ಓದುಗರಿಗೆ ಎರಡು ಮಾತು. ಯೂರೋವಿಷನ್ ದೇಶ ದೇಶಗಳ ನಡುವಿನ ಹಾಡಿನ ಸ್ಪರ್ಧೆ. 1956ರಲ್ಲಿ ಸ್ವಿಟ್ಜರ್ಲೆಂಡಿನ ಲುಗಾನೋದಲ್ಲಿ 7 ದೇಶಗಳಿಂದ ಶುರುವಾಯ್ತು. 2025ರಲ್ಲಿ ಬಾಸೆಲ್‌ನಲ್ಲಿ ನಡೆದಾಗ 37 ದೇಶ ಇದ್ದವು, ಆಸ್ಟ್ರಿಯಾದ ಜೆಜೆ ಗೆದ್ದರು. ಗೆದ್ದ ದೇಶ ಸಾಮಾನ್ಯವಾಗಿ ಮುಂದಿನ ವರ್ಷ ಆತಿಥ್ಯ ವಹಿಸುತ್ತೆ. ಹಾಡು ಹೊಸದಾಗಿರಬೇಕು, 3 ನಿಮಿಷ ದಾಟಬಾರದು, ವೇದಿಕೆ ಮೇಲೆ 6 ಜನಕ್ಕಿಂತ ಹೆಚ್ಚು ಇರಬಾರದು, ಪ್ರಾಣಿಗಳನ್ನು ತರುವಂತಿಲ್ಲ. ಮುಖ್ಯ ಗಾಯನ ಅಲ್ಲೇ ಹಾಡಬೇಕು, ವಾದ್ಯವೆಲ್ಲ ಧ್ವನಿಮುದ್ರಿತ. ಗಿಟಾರ್ ಹಿಡಿದು ಕುಣಿಯುವವರು ನುಡಿಸ್ತಿಲ್ಲ, ನಟಿಸ್ತಿದ್ದಾರೆ. ಸ್ವೀಡನ್ನಿನ ಅಬ್ಬಾ ತಂಡ ಜಗತ್ತಿಗೆ ಗೊತ್ತಾಗಿದ್ದು 1974ರಲ್ಲಿ ಇದನ್ನು ಗೆದ್ದ ಮೇಲೆ. 1988ರಲ್ಲಿ ಸ್ವಿಟ್ಜರ್ಲೆಂಡ್ ಪರವಾಗಿ ಹಾಡಿ ಒಂದೇ ಅಂಕದಲ್ಲಿ ಗೆದ್ದ ಸೆಲೀನ್ ಡಿಯಾನ್ ಕೆನಡಾದವರು. ಪರದೇಶದ ಗಾಯಕರನ್ನು ಕಳಿಸೋಕೆ ಅಲ್ಲಿ ಅಡ್ಡಿಯಿಲ್ಲ.

ಈಗ ನಿಮ್ಮ ಪಾರ್ಟಿ. ಅಲ್ಲಿ ಶನಿವಾರ ರಾತ್ರಿ 9 ಗಂಟೆ ಅಂದ್ರೆ ನಮಗೆ ಅದೇ ಶನಿವಾರ ನಡುರಾತ್ರಿ ಕಳೆದು 12:30, ಭಾನುವಾರ ಆಗಷ್ಟೇ ಶುರು. ಮುಗಿಯುವ ಹೊತ್ತಿಗೆ ಬೆಳಗಿನ ಜಾವ ನಾಲ್ಕು ದಾಟುತ್ತೆ. ಹಾಗಾಗಿ ಎಲ್ಲರೂ ಮಲಗಬಹುದಾದ ಮನೆ ಆರಿಸಿ, ಮನೆಯವರಿಗೆ ಮೊದಲೇ ಹೇಳಿ, ನಾಲ್ಕು ಗಂಟೆಗೆ ಯಾರೂ ಸ್ಕೂಟಿ ಹತ್ತಬೇಡಿ. ಅವರ ಅಧಿಕೃತ ಯೂಟ್ಯೂಬ್ ಚಾನೆಲ್‌ನಲ್ಲಿ ನೇರಪ್ರಸಾರ ಬರುತ್ತೆ.

ಚೀಟಿ ಎತ್ತಿ ಒಬ್ಬೊಬ್ಬರಿಗೆ ಒಂದೊಂದು ದೇಶ. ಬಾವುಟದ ಬಣ್ಣದ ದುಪಟ್ಟಾ ಸಾಕು. ಪೋಲೆಂಡಿಗೆ ಬಿಳಿ ಕೆಂಪು, ಸ್ವೀಡನ್ನಿಗೂ ಉಕ್ರೇನಿಗೂ ನೀಲಿ ಹಳದಿ, ಆ ಇಬ್ಬರೂ ಒಂದೇ ದುಪಟ್ಟಾ ಹಂಚಿಕೊಳ್ಳಿ. ಪ್ರತಿಯೊಬ್ಬರೂ ತಮ್ಮ ದೇಶದ ಒಂದು ತಿಂಡಿ ತರಬೇಕು, ಆದ್ರೆ ದುಬಾರಿ ಚೀಸ್ ಹುಡುಕಿಕೊಂಡು ಅಲೆಯಬೇಡಿ. ಗ್ರೀಸಿನವರ ಜಾಟ್ಸಿಕಿ ಅಂದ್ರೆ ಏನು? ನೀರು ಬಸಿದ ಗಟ್ಟಿ ಮೊಸರಿಗೆ ಸೌತೆಕಾಯಿ ತುರಿ, ಬೆಳ್ಳುಳ್ಳಿ, ಎಣ್ಣೆ. ನಮ್ಮ ಸೌತೆಕಾಯಿ ಮೊಸರುಬಜ್ಜಿಯ ದಾಯಾದಿ. ಸ್ಪೇನಿನವರ ತೊರ್ತಿಯಾ ಅಂದ್ರೆ ಆಲೂಗಡ್ಡೆ ಹಾಕಿದ ದಪ್ಪ ಆಮ್ಲೆಟ್. ಸ್ವಿಟ್ಜರ್ಲೆಂಡ್ ಬಂದವಳ ಪುಣ್ಯ, ಒಂದು ಚಾಕೊಲೇಟ್ ತಂದರಾಯ್ತು.

ಅಂಕದ ಕ್ರಮ ಅಲ್ಲಿಯದೇ ಇರಲಿ, ತುಂಬಾ ಚೆನ್ನಾಗಿದೆ. ಒಬ್ಬೊಬ್ಬರೂ ತಮಗೆ ಹಿಡಿಸಿದ 10 ಹಾಡಿಗೆ ಮಾತ್ರ ಅಂಕ ಕೊಡಬೇಕು: ಮೊದಲನೇದಕ್ಕೆ 12, ಎರಡನೇದಕ್ಕೆ 10, ಆಮೇಲೆ 8ರಿಂದ 1ರವರೆಗೆ ಇಳಿಯುತ್ತಾ. 11, 9 ಇಲ್ಲ. 1975ರಿಂದ ಹೀಗೇ ನಡೆದು ಬಂದಿದೆ. ತಮ್ಮ ದೇಶಕ್ಕೆ ತಾವೇ ಕೊಡುವಂತಿಲ್ಲ. ಅಲ್ಲಿ ಪ್ರತಿ ದೇಶದ ಪರಿಣತರ ಅಂಕ ಬೇರೆ, ಜನರ ಅಂಕ ಬೇರೆ. ಪರಿಣತರ ಅಂಕ ಹೇಳೋಕೆ ಒಂದೊಂದು ಊರಿನಿಂದ ಒಬ್ಬೊಬ್ಬರು ಪರದೆ ಮೇಲೆ ಬರ್ತಾರೆ. ನೀವೂ ನಿಮ್ಮ ನಿಮ್ಮ ಊರಿಂದ ಹೇಳಿ. 'ನಮಸ್ಕಾರ, ಜಗಳೂರಿನಿಂದ ಮಾತಾಡ್ತಿದ್ದೇನೆ, ನಮ್ಮ 12 ಅಂಕ ಹೋಗೋದು...' ಅಂತ ಎಳೆದು ನಿಲ್ಲಿಸಬೇಕು. ಚನ್ನಗಿರಿ, ಹೊನ್ನಾಳಿ ಕಾಯ್ತಾ ಕೂತಿರಬೇಕು. 2023ರಿಂದ ಸ್ಪರ್ಧೆಯಲ್ಲಿ ಇಲ್ಲದ ದೇಶದವರೂ ಆನ್‌ಲೈನ್‌ನಲ್ಲಿ ವೋಟ್ ಹಾಕಬಹುದು, ಆದ್ರೆ ಕಾರ್ಡಿನಿಂದ ದುಡ್ಡು ಹೋಗುತ್ತೆ. ಅಪ್ಪನ ಕಾರ್ಡ್ ಆದ್ರೆ ಕೇಳಿ ಹಾಕಿ.

ಪ್ರಶ್ನೆ: ನನ್ನ ಮಗಳು ಪಿಯುಸಿ. ಚೆನ್ನಾಗಿ ಹಾಡ್ತಾಳೆ. ಈ ವರ್ಷ ಒಂದು ಹಾಡಿನ ಷೋದ ಆಡಿಷನ್‌ಗೆ ಹೋಗಿದ್ದಳು, ಮೊದಲ ಸುತ್ತಲ್ಲೇ ಕಳಿಸಿಬಿಟ್ಟರು. ಆಗಿನಿಂದ ಆ ಕಾರ್ಯಕ್ರಮ ಹಾಕಿದ್ರೆ ಎದ್ದು ಕೋಣೆಗೆ ಹೋಗ್ತಾಳೆ. ಈಗ ನಮ್ಮ ಮನೆಯಲ್ಲೇ ಫಿನಾಲೆಗೆ ಎಲ್ಲರನ್ನೂ ಕರೆದಾಗಿದೆ. ಏನು ಮಾಡಲಿ? (ಹೊಳಲ್ಕೆರೆ)

ಉತ್ತರ: ಕರೆಯುವ ಮುಂಚೆ ಅವಳನ್ನು ಕೇಳಬೇಕಿತ್ತು. ಈಗಲಾದ್ರೂ ಕೇಳಿ. ಅಕ್ಕ ತಂಗಿ ಮುಂದೆ ಅಲ್ಲ, ಅವಳೊಬ್ಬಳೇ ಇದ್ದಾಗ. ಅವತ್ತು ಸ್ನೇಹಿತೆ ಮನೆಗೆ ಹೋಗ್ತೀನಿ ಅಂದ್ರೆ ಕಳಿಸಿಕೊಡಿ, ನೆಂಟರಿಗೆ ಓದೋದಿದೆ ಅನ್ನಿ. ಬೇಡವೇ ಬೇಡ, ಎಲ್ಲ ರದ್ದು ಮಾಡಮ್ಮ ಅಂದ್ರೆ ರದ್ದು ಮಾಡಿ. ಪಕ್ಕದ ಮನೆಯಲ್ಲೂ ಟಿವಿ ಇದೆ.

ಇರ್ತೀನಿ ಅಂದಳು ಅಂತಿಟ್ಟುಕೊಳ್ಳಿ. ಆಗ ಎರಡು ಮಾತು ಆ ಮನೆಯಲ್ಲಿ ಯಾರ ಬಾಯಿಂದಲೂ ಬರಬಾರದು. ಒಂದು, ಬ್ರೇಕಿನಲ್ಲಿ 'ನೀನೂ ಒಂದು ಹಾಡಮ್ಮ'. ಪ್ರತಿ ಕುಟುಂಬದಲ್ಲೂ ಒಬ್ಬ ಚಿಕ್ಕಪ್ಪ ಇರ್ತಾನೆ ಇದನ್ನು ಹೇಳೋಕೆ. ಈಗಷ್ಟೇ ದೊಡ್ಡ ವಾದ್ಯವೃಂದದ ಜೊತೆ ಹಾಡಿದವರನ್ನು ಕೇಳಿದ ಜನರ ಮುಂದೆ, ಮಿರ್ಚಿ ತಟ್ಟೆಗಳ ಮಧ್ಯೆ, ಆ ಹುಡುಗಿ ಹೇಗೆ ಹಾಡಬೇಕು? ಆ ಚಿಕ್ಕಪ್ಪನಿಗೆ ಮುಂಚೆಯೇ ಫೋನ್ ಮಾಡಿ ಹೇಳಿಡಿ. ಎರಡನೇ ಮಾತು, 'ಅಲ್ಲೆಲ್ಲ ವಶೀಲಿ ನಡೆಯೋದು, ಬಿಡು'. ಸಮಾಧಾನಕ್ಕೆ ಅಂತ ಹೇಳ್ತೀರಿ. ಆದ್ರೆ ವಶೀಲಿ ಅಂದುಬಿಟ್ಟರೆ ಅವಳು ತಿದ್ದಿಕೊಳ್ಳೋದು ಏನನ್ನು?

ಆಡಿಷನ್ ಹೇಗಿರುತ್ತೆ ಅಂತ ನನ್ನ ಹತ್ತಿರ ಕಲಿತ ಮಕ್ಕಳು ಹೇಳೋದನ್ನ ಕೇಳಿದ್ದೇನೆ. ಬೆಳಿಗ್ಗೆಯಿಂದ ಸಾಲು. ನೀರು ಕುಡಿಯೋಕೂ ಭಯ. ಒಳಗೆ ಹೋದರೆ ಸಿಗೋದು ಒಂದೋ ಎರಡೋ ನಿಮಿಷ, ತಂಬೂರಿ ಇಲ್ಲ, ಟ್ರ್ಯಾಕ್ ಇಲ್ಲ. ಗಾಬರಿಯಲ್ಲಿ ಮಕ್ಕಳು ಪಲ್ಲವಿಯನ್ನು ಮಾಮೂಲಿಗಿಂತ ಮೇಲೆ ಎತ್ತಿಕೊಳ್ತಾರೆ. ಚರಣಕ್ಕೆ ಬಂದಾಗ ಮೇಲಿನ ಸ್ವರ ಗಂಟಲಿಗೆ ನಿಲುಕಲ್ಲ. ಮನೆಯಲ್ಲಿ ಚೆನ್ನಾಗಿ ಹಾಡುವ ಮಕ್ಕಳು ಅಲ್ಲಿ ಎಡವೋದು ಇಲ್ಲೇ. ಇದನ್ನು ತಿದ್ದಬಹುದು. ಫೋನಿನಲ್ಲಿ ತಂಬೂರಿ ಆ್ಯಪ್ ಹಾಕಿಕೊಂಡು ತನ್ನ ಶ್ರುತಿ ಯಾವುದು ಅಂತ ಮೊದಲು ಗಟ್ಟಿ ಮಾಡಿಕೊಳ್ಳಲಿ. ಆಮೇಲೆ ಆ್ಯಪ್ ಆಫ್ ಮಾಡಿ, ಅಡುಗೆ ಮನೆಗೆ ಹೋಗಿ ಬಂದು, ಏನೂ ಕೇಳಿಸಿಕೊಳ್ಳದೆ ಪಲ್ಲವಿ ಎತ್ತಲಿ. ಮತ್ತೆ ಆ್ಯಪ್ ಹಾಕಿ ಸರಿಯಾಗಿ ಎತ್ತಿದೆನಾ ಅಂತ ನೋಡಲಿ. ದಿನಾ ಮಾಡಿದರೆ ಎರಡು ತಿಂಗಳಲ್ಲಿ ಅವಳಿಗೇ ಗೊತ್ತಾಗುತ್ತೆ. ಹಾಡೋಕೆ ಟಿವಿ ಒಂದೇ ಜಾಗವೂ ಅಲ್ಲ. ಚಿತ್ರದುರ್ಗದಲ್ಲೇ ಆಕಾಶವಾಣಿ ಕೇಂದ್ರ ಇದೆ, ಧ್ವನಿ ಪರೀಕ್ಷೆ ಯಾವಾಗ ಅಂತ ಹೋಗಿ ವಿಚಾರಿಸಿ. ಇದನ್ನೆಲ್ಲ ಫಿನಾಲೆ ದಿನ ಹೇಳಬೇಡಿ. ಒಂದು ವಾರ ಬಿಟ್ಟು ಹೇಳಿ.

ಪ್ರಶ್ನೆ: ಸೆಕೆ ಜಾಸ್ತಿ ಅಂತ ಈ ಸಲ ತಾರಸಿ ಮೇಲೆ ಪ್ರೊಜೆಕ್ಟರ್ ಹಾಕಿ, ದೊಡ್ಡ ಸ್ಪೀಕರ್ ಬಾಡಿಗೆ ತರಬೇಕು ಅಂತಿದ್ದೇವೆ. ಎದುರು ಮನೆಯವರು ಈಗಲೇ ಮುಖ ಸಿಂಡರಿಸ್ತಿದ್ದಾರೆ. (ವಿದ್ಯಾನಗರ)

ಉತ್ತರ: ಸಿಂಡರಿಸುವ ಹಕ್ಕು ಅವರಿಗಿದೆ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ವಸತಿ ಪ್ರದೇಶದಲ್ಲಿ ಸದ್ದಿನ ಮಿತಿ ಹಗಲಿಗೆ 55 ಡೆಸಿಬಲ್, ರಾತ್ರಿಗೆ 45. ಫಿನಾಲೆ ಅನ್ನೋದು ಹತ್ತಕ್ಕೆ ಮುಗಿದ ಉದಾಹರಣೆ ನಾನಂತೂ ನೋಡಿಲ್ಲ. ಬಾಡಿಗೆ ಸ್ಪೀಕರ್ ಬಿಡಿ, ಮನೆಯ ಸಣ್ಣದನ್ನೇ ಪರದೆ ಕೆಳಗೆ, ನಿಮ್ಮ ಕಡೆ ಮುಖ ಮಾಡಿ ಇಡಿ. ಜಮಖಾನ ಹತ್ತಿರ ಹತ್ತಿರ ಹಾಸಿ. ಒಂಬತ್ತೂವರೆ ಬ್ರೇಕಿಗೆ ಎಲ್ಲರೂ ಕೆಳಗಿಳಿದು ಹಾಲ್‌ನಲ್ಲಿ ಟಿವಿ ಹಾಕಿಕೊಳ್ಳಿ. ಎದುರು ಮನೆಯಲ್ಲಿ ಪರೀಕ್ಷೆ ಬರೆಯುವ ಮಕ್ಕಳಿದ್ದರೆ ತಾರಸಿ ಯೋಚನೆಯನ್ನೇ ಕೈಬಿಡಿ, ಎರಡು ಟೇಬಲ್ ಫ್ಯಾನ್ ಬಾಡಿಗೆಗೆ ತನ್ನಿ.